ನೇತಾಡುವ ವೈರು

ಬೆಳಿಗ್ಗೆ ಹತ್ತೂಕಾಲಿಗೆ ಕಚೇರಿಯ ಇಪ್ಪತ್ತು ಕಂಪ್ಯೂಟರ್‌ಗಳೂ ಒಟ್ಟಿಗೆ ಕಲ್ಲಾಗಿ ಕೂತವು. ಇಪ್ಪತ್ತು ಬಾಯಿಂದ ಒಂದೇ ಕೂಗು: "ವೈರಪ್ಪಾ!"

ಕಚೇರಿಯ ಕಂಪ್ಯೂಟರು, ವೈರು ನೋಡಿಕೊಳ್ಳುವ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಗುತ್ತಿಗೆ ಕಾಗದದಲ್ಲಿ ಮಾತ್ರ ಉಳಿದಿತ್ತು. ಆ ಕಾಗದದ ಆಯಸ್ಸೂ ಇವತ್ತಿಗೇ ಮುಗಿಯುತ್ತಿತ್ತು. ಸಂಜೆಯೊಳಗೆ ಸಾಹೇಬರು ಸಹಿ ಹಾಕಿದರೆ ಇನ್ನೊಂದು ವರ್ಷ ಕೆಲಸ, ಇಲ್ಲದಿದ್ದರೆ ಬೀದಿ. ಹೆಂಡತಿ ಆಗಲೇ ಎರಡು ಸಲ ಫೋನ್ ಮಾಡಿದ್ದಳು: "ಸಹಿ ಆಯ್ತೇನ್ರೀ?"

"ನೆಲ ಒರೆಸುವಾಗ ನೀರು ಹೋಗಿರುತ್ತೆ ಕಣಯ್ಯಾ," ಅಂದರು ಗುಮಾಸ್ತರು.

"ವೈರಸ್ಸು! ನಮ್ಮ ನಾದಿನಿಗೂ ಹೀಗೇ ಆಗಿತ್ತು," ಅಂದಳು ಟೈಪಿಸ್ಟ್ ಅಕ್ಕ.

"ನಾದಿನಿಗಾ, ಕಂಪ್ಯೂಟರಿಗಾ ಅಕ್ಕಾ?"

"ಬಾಯಿ ಮುಚ್ಚಿಕೊಂಡು ಆಫ್ ಮಾಡಿ ಆನ್ ಮಾಡೋ!"

ಮಾಡಿದ. ಅರೆ ನಿಮಿಷ ಬದುಕಿ ಮತ್ತೆ ಸತ್ತವು.

ಮೂಲೆಯ ಕಪಾಟು ತೆರೆದ. ಒಳಗಿದ್ದದ್ದು ಸ್ವಿಚ್ಚು, ಇಪ್ಪತ್ನಾಲ್ಕು ಕಿಂಡಿಗಳ ಪೆಟ್ಟಿಗೆ. ಒಂದು ಕಂಪ್ಯೂಟರಿನ ಮಾತನ್ನು ಇನ್ನೊಂದಕ್ಕೆ ದಾಟಿಸುವುದಷ್ಟೇ ಅದರ ಕೆಲಸ. ಇವತ್ತು ಅದರ ದೀಪಗಳೆಲ್ಲ ಮೈಮೇಲೆ ಇರುವೆ ಬಿಟ್ಟುಕೊಂಡವರ ಹಾಗೆ ಕುಣಿಯುತ್ತಿದ್ದವು. ವೈರಪ್ಪ ಒಂದೊಂದೇ ವೈರು ಕಿತ್ತು, ಮತ್ತೆ ಸಿಕ್ಕಿಸಿ ನೋಡಿದ.

"ನನ್ನದನ್ಯಾಕೋ ಕಿತ್ತೆ?"

"ಸತ್ತಿದ್ದನ್ನೇ ಕಿತ್ತಿದ್ದು, ಅಕ್ಕಾ!"

ಇಪ್ಪತ್ಮೂರನೆಯದನ್ನು ಕಿತ್ತಾಗ ದೀಪಗಳು ತಣ್ಣಗಾದವು, ಕಂಪ್ಯೂಟರ್‌ಗಳು ಎದ್ದು ಕೂತವು. ಅದು ಪರೀಕ್ಷೆಗೆಂದು ಅವನೇ ನೇತಾಡಲು ಬಿಟ್ಟಿದ್ದ ವೈರು. ಆದರೆ ಅದರ ಇನ್ನೊಂದು ತುದಿ ಈಗ ಇಪ್ಪತ್ನಾಲ್ಕನೇ ಕಿಂಡಿಯೊಳಗಿತ್ತು! ಒಂದು ಕಿಂಡಿಯಿಂದ ಹೊರಟ ಮಾತು ಪಕ್ಕದ ಕಿಂಡಿಯಿಂದ ಒಳಬಂದು, ಮತ್ತೆ ಹೊರಟು, ಮತ್ತೆ ಬಂದು, ಸುತ್ತಿದ್ದೇ ಸುತ್ತಿದ್ದು. ಕಚೇರಿಯ ಫೈಲುಗಳು ಮೂವತ್ತು ವರ್ಷದಿಂದ ಮಾಡುತ್ತಿದ್ದದ್ದನ್ನು ಪೆಟ್ಟಿಗೆ ಒಂದೇ ಬೆಳಿಗ್ಗೆ ಕಲಿತುಬಿಟ್ಟಿತ್ತು.

"ಯಾವ ಬುದ್ಧಿವಂತ ಸಿಕ್ಕಿಸಿದ್ದು ಇದನ್ನ?"

ಜವಾನ ಕಿವಿಯಲ್ಲಿ ಉಸುರಿದ: "ಮೆಲ್ಲಗೆ ಮಾರಾಯಾ. ಸಾಹೇಬ್ರು. 'ಏನಿದು ಅಸಹ್ಯ, ನಾಯಿ ನಾಲಿಗೆ ಥರ ನೇತಾಡ್ತಿದೆ' ಅಂತ ಬಂದವರೇ ಸಿಕ್ಕಿಸಿದ್ರು."

ವೈರಪ್ಪನ ರಕ್ತ ಕುದಿಯಿತು. ಇವತ್ತು ಮುಖಕ್ಕೆ ಹೊಡೆದ ಹಾಗೆ ಹೇಳಿಯೇ ಬಿಡುತ್ತೇನೆ ಎಂದು ಸಾಹೇಬರ ಕೋಣೆಗೆ ನುಗ್ಗಿದ. ಮೇಜಿನ ಮೇಲೆ ಅವನ ಗುತ್ತಿಗೆ ಕಾಗದ. ಸಾಹೇಬರ ಕೈಯಲ್ಲಿ ಕ್ಯಾಪು ತೆಗೆದ ಪೆನ್ನು.

"ಏನಾಗಿತ್ತಯ್ಯಾ?"

ಗಂಟಲವರೆಗೆ ಬಂದ ಸತ್ಯ ಪೆನ್ನು ನೋಡಿ ವಾಪಸ್ ಇಳಿಯಿತು. "ಸ್ವಿಚ್ಚಿಗೆ ವಯಸ್ಸಾಯ್ತು, ಸಾರ್. ತಲೆ ಕೆಟ್ಟಿದೆ."

"ನಾನೂ ಅದನ್ನೇ ಅಂದುಕೊಂಡೆ." ಸಾಹೇಬರು ಪೆನ್ನಿನ ಕ್ಯಾಪು ಮುಚ್ಚಿದರು. "ಹಾಗಾದ್ರೆ ಹೊಸದೇ ತರಿಸೋಣ. ಕೊಡೋ ಕಂಪನಿಯವ್ರೇ ಮೂರು ವರ್ಷ ಪುಕ್ಕಟೆ ನೋಡ್ಕೊಳ್ತಾರಂತೆ. ನಿನಗೂ ಕಷ್ಟ ತಪ್ಪಿತು!"

ಕಾಗದ ಡ್ರಾಯರು ಸೇರಿತು.

"ಸಾರ್, ನಿಜ ಹೇಳ್ಬೇಕಂದ್ರೆ ಸ್ವಿಚ್ಚು ಚೆನ್ನಾಗೇ ಇದೆ..."

"ಹಾಗಾದ್ರೆ ಈಗ ಹೇಳಿದ್ದು ಸುಳ್ಳಾ? ಸುಳ್ಳು ಹೇಳೋನನ್ನ ಹ್ಯಾಗಯ್ಯಾ ಇಟ್ಕೊಳ್ಳೋದು?"

ವೈರಪ್ಪ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ. ಫೋನು ಬಡಿದುಕೊಂಡಿತು. "ಸಹಿ ಆಯ್ತೇನ್ರೀ?"

ಅವನು ಬಾಯಿ ತೆರೆಯುವಷ್ಟರಲ್ಲಿ ಮೇಲಿನಿಂದ ಸಾಹೇಬರ ದನಿ: "ಥೂ, ಮತ್ತೆ ನೇತಾಡ್ತಿದೆಯಲ್ಲ ಇದು!" ಹಿಂದೆಯೇ ಟಕ್ ಎಂಬ ಸದ್ದು. ಆಮೇಲೆ ಇಪ್ಪತ್ತು ಬಾಯಿ ಒಟ್ಟಿಗೆ:

"ವೈರಪ್ಪಾ!"

"ಒಂದ್ನಿಮಿಷ ಇರೇ, ಕರೀತಿದ್ದಾರೆ," ಎಂದ ವೈರಪ್ಪ. ಕೆಲಸ ಹೋಯಿತೆಂದು ನೆನಪಾಗುವಷ್ಟರಲ್ಲಿ ಹಾಳು ಕಾಲು ನಾಲ್ಕು ಮೆಟ್ಟಿಲು ಹತ್ತಿಬಿಟ್ಟಿತ್ತು.