ಕಂಪ್ಯೂಟರಿನಲ್ಲಿ ಪಾಸಾದ ಆಂಪ್ಲಿಫೈಯರ್

ಇಪ್ಪತ್ತೆರಡು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ಬೇರೆಯವರ ತಪ್ಪು ತಿದ್ದಿದವನಿಗೆ ತಾನೂ ತಪ್ಪು ಮಾಡಬಹುದು ಎಂಬ ಅನುಮಾನವೇ ಬರುವುದಿಲ್ಲ. ನನಗೂ ಬಂದಿರಲಿಲ್ಲ. ಹಾಗಾಗಿ, ಕಾಪುವಿನ ಮಾವನಿಗೆ ಒಂದು ಪುಟ್ಟ ಆಂಪ್ಲಿಫೈಯರ್ ನಾನೇ ಮಾಡಿಕೊಡುತ್ತೇನೆ ಎಂದು ಘೋಷಿಸಿದಾಗ ನನ್ನ ಧ್ವನಿ ಸ್ವಲ್ಪವೂ ನಡುಗಲಿಲ್ಲ.

ಹಿನ್ನೆಲೆ ಹೀಗಿದೆ. ನನ್ನ ಹೆಂಡತಿ ವಿನಯಾಳ ತಂದೆ ನಿವೃತ್ತ ಮೇಷ್ಟ್ರು. ಯಕ್ಷಗಾನದ ತಾಳಮದ್ದಲೆಯಲ್ಲಿ ಅರ್ಥ ಹೇಳುವವರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತು ಮಾತಾಡಬೇಕು, ಸ್ವರವೇ ಎಲ್ಲ. ಕಳೆದ ವರ್ಷ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಅವರ ಸ್ವರ ಅರ್ಧಕ್ಕಿಳಿಯಿತು. "ಬೇಕಾದರೆ ಮೈಕಿನಲ್ಲಿ ಮಾತಾಡಿ, ಕೂಗಲೇಬೇಡಿ" ಎಂದು ಮಣಿಪಾಲದ ಡಾಕ್ಟರು ಹೇಳಿ ಕಳಿಸಿದ್ದರು. ಎಂಟು ತಿಂಗಳು ಪ್ರೇಕ್ಷಕರ ಸಾಲಿನಲ್ಲಿ ಕುಳಿತ ಮಾವನಿಗೆ ಕೊನೆಗೆ ಊರಿನ ತಾಳಮದ್ದಲೆ ಸಂಘದವರು ಒಂದು ಭಾನುವಾರದ ಕೂಟದಲ್ಲಿ ದೂತನ ಪಾತ್ರ ಕೊಟ್ಟರು. ಇಪ್ಪತ್ತು ನಿಮಿಷದ್ದು. ಆ ದಿನ ಮಾತು ಕೇಳಿಸದಿದ್ದರೆ ಇನ್ನು ಕರೆಯುವವರಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಸಂಘದ ಹಾಲ್ ಚಿಕ್ಕದು. ಅಲ್ಲಿ ಯಾರೂ ಮೈಕ್ ಹಿಡಿಯುವುದಿಲ್ಲ. ಊರಿಗೆಲ್ಲ ಮೈಕ್ ಸೆಟ್ ಹಾಕುವ ಲೋಕಣ್ಣ, "ಮೇಷ್ಟ್ರೇ, ನನ್ನ ಸೆಟ್ ತರ್ತೇನೆ" ಎಂದಿದ್ದರು. ಮಾವ ಒಪ್ಪಲಿಲ್ಲ.

"ಉಳಿದವರೆಲ್ಲ ಬರೀ ಬಾಯಲ್ಲಿ ಮಾತಾಡುವಾಗ ನನ್ನೊಬ್ಬನಿಗೆ ಅಷ್ಟು ದೊಡ್ಡ ಪೆಟ್ಟಿಗೆಯಾ? ಸಣ್ಣದು, ಕಣ್ಣಿಗೆ ಬೀಳದ್ದು ಎಂತಾದರೂ ಉಂಟಾ?"

"ನಾನು ಮಾಡಿಕೊಡ್ತೇನೆ ಮಾವ" ಎಂದೆ.

ಉಡುಪಿಯ ಬನ್ನಂಜೆಯಲ್ಲಿರುವ ನಮ್ಮ ಮನೆಗೆ ಮರಳುವ ಬಸ್ಸಿನಲ್ಲಿ ವಿನಯಾ ಕೇಳಿದಳು: "ಟೀಚರ್‌ಗಳು ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು ಅಂಗಡಿಯಲ್ಲೇ ಸಿಗ್ತದೆ ಅಲ್ವಾ?"

"ಅದರಲ್ಲಿ ಮಾತಾಡಿದರೆ ಮೀನು ಮಾರುವ ಗಾಡಿಯ ಹಾಗೆ ಕೇಳ್ತದೆ. ನಾನು ಎಲೆಕ್ಟ್ರಾನಿಕ್ಸ್ ಓದಿದವನು."

"ಕಾರ್ಕಳದಲ್ಲಿ ಎರಡು ಸೆಮಿಸ್ಟರ್. ಆಮೇಲೆ ಬಿಟ್ಟದ್ದು."

ಹೆಂಡತಿಯರು ನಮ್ಮ ವಿದ್ಯಾರ್ಹತೆಯನ್ನು ಇಷ್ಟು ನಿಖರವಾಗಿ ನೆನಪಿಟ್ಟುಕೊಳ್ಳಬಾರದು!

ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಕಟ್ಟಿ, ಅಲ್ಲೇ ಓಡಿಸಿ ನೋಡುವ ಸಾಫ್ಟ್‌ವೇರ್ ಒಂದು ಉಚಿತವಾಗಿ ಸಿಕ್ಕಿತು. ಬೆಸುಗೆ ಬೇಡ, ಕೈ ಸುಡುವುದಿಲ್ಲ. ಟ್ರಾನ್ಸಿಸ್ಟರನ್ನು ಎಳೆದು ತಂದು ಇಟ್ಟರಾಯಿತು, ಗೆರೆ ಎಳೆದರೆ ಅದೇ ವಯರು. ರಜೆಯ ದಿನ ಬೆಳಿಗ್ಗೆ ಕುಳಿತವನು ಊಟದ ಹೊತ್ತಿಗೆ ಗೆದ್ದೆ. ಒಳಗೆ ಹೋಗುವ ಅಲೆ ಸಣ್ಣದು, ಹೊರಗೆ ಬರುವ ಅಲೆ ದೊಡ್ಡದು. ಇನ್ನೂ ದೊಡ್ಡದಾಗಲಿ ಎಂದು ಹನ್ನೆರಡು ವೋಲ್ಟ್ ಇದ್ದದ್ದನ್ನು ಇಪ್ಪತ್ತನಾಲ್ಕು ಮಾಡಿದೆ. ಟ್ರಾನ್ಸಿಸ್ಟರ್ ಚಕಾರವೆತ್ತಲಿಲ್ಲ. ಎಂಥ ಸಭ್ಯ ಟ್ರಾನ್ಸಿಸ್ಟರ್!

ವಿನಯಾಳನ್ನು ಕರೆದು ತೋರಿಸಿದೆ.

"ಶಬ್ದ ಎಲ್ಲಿ?"

"ಶಬ್ದ ಇಲ್ಲ. ಇದು ಗ್ರಾಫ್."

"ಅಪ್ಪ ಗ್ರಾಫ್ ಓದುವುದಾ ಅಲ್ಲಿ?"

ಇಲ್ಲಿ ನನ್ನ ವೃತ್ತಿಯ ದೋಷವನ್ನು ದಾಖಲಿಸಬೇಕು. ನಾವು ಪುಟ ಕಟ್ಟುವವರು. ಸ್ಕ್ರೀನಿನಲ್ಲಿ ಪುಟ ಸರಿಯಿದ್ದರೆ ಬೆಳಿಗ್ಗೆ ಕಾಗದದಲ್ಲೂ ಸರಿಯಾಗಿಯೇ ಬರುತ್ತದೆ. ಸ್ಕ್ರೀನಿನಲ್ಲಿ ಕಂಡದ್ದೇ ವಸ್ತು ಎಂದು ನಂಬಿ ಅರ್ಧ ಆಯುಷ್ಯ ಕಳೆದವನು ನಾನು. ಎರಡು ಮೂಲಗಳಿಂದ ಖಚಿತಪಡಿಸಿಕೊಳ್ಳದೆ ಯಾವ ಸುದ್ದಿಯನ್ನೂ ಬಿಡುವುದಿಲ್ಲವಲ್ಲ? ಇದನ್ನೂ ಖಚಿತಪಡಿಸಿಕೊಂಡೆ. ಅದೇ ಸಾಫ್ಟ್‌ವೇರನ್ನು ಆಫೀಸಿನ ಕಂಪ್ಯೂಟರಿನಲ್ಲೂ ಹಾಕಿ ಇನ್ನೊಮ್ಮೆ ನೋಡಿದೆ. ಎರಡೂ ಮೂಲಗಳು ಒಂದೇ ಮಾತು ಹೇಳಿದವು!

ಗ್ರಾಫಿನ ಪ್ರಿಂಟ್ ತೆಗೆದು ಕಾಪುವಿಗೆ ಒಯ್ದೆ. ಮಾವ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ದೊಡ್ಡ ಅಲೆಯ ಮೇಲೆ ಬೆರಳಿಟ್ಟು, "ನನ್ನ ಸ್ವರ ಇಷ್ಟು ಬರ್ತದಾ?" ಎಂದರು.

"ಬರ್ತದೆ."

ಈ ಒಂದು ಪದವನ್ನು ಹಿಂದಕ್ಕೆ ಪಡೆಯುವ ಅವಕಾಶವಿದ್ದಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ.

ಜಗಲಿಯಲ್ಲಿ ಕುಳಿತಿದ್ದ ಲೋಕಣ್ಣ ಸೌಜನ್ಯದಿಂದಲೇ ಹೇಳಿದರು: "ಸರ್, ಒಮ್ಮೆ ಹಾಲ್‌ನಲ್ಲಿ ಇಟ್ಟು ನೋಡಿ."

"ಸಿಮ್ಯುಲೇಶನ್ ಆಗಿದೆ ಲೋಕಣ್ಣ."

"ಹಾಗಂದರೆ ಎಂತ?"

"ಮಾಡುವ ಮೊದಲೇ ಮಾಡಿ ನೋಡುವುದು."

"ಹಾಗಾದರೆ ಮಾಡಿದ ಮೇಲೆ ಎಂತ ನೋಡ್ತೀರಿ?"

ನಾನು ನಕ್ಕೆ. ಅದು ತಮಾಷೆಯೆಂದು ತಿಳಿದಿದ್ದೆ.

ಸಾಮಾನು ತರಲು ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದಾಗ ಅಂಗಡಿಯವರು ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು, "ಬಿಸಿ ಎಳೆಯುವ ಅಲ್ಯುಮಿನಿಯಂ ತಟ್ಟೆ ಬೇಡವಾ ಇದಕ್ಕೆ?" ಎಂದು ಕೇಳಿದರು.

"ಡ್ರಾಯಿಂಗ್‌ನಲ್ಲಿ ಇಲ್ಲ."

"ಡ್ರಾಯಿಂಗ್ ಬಿಸಿಯಾಗುವುದಿಲ್ಲ ಸರ್."

ಅದಕ್ಕೂ ನಕ್ಕೆ. ಒಂದೇ ವಾರದಲ್ಲಿ ಇಬ್ಬರು ತಜ್ಞರ ಮಾತಿಗೆ ನಕ್ಕ ಕೀರ್ತಿ ನನ್ನದು.

ಬೆಸುಗೆ ಹಾಕಿ ಮುಗಿಸಿ, ಸ್ಪೀಕರಿನ ಜೊತೆ ಒಂದು ಸಣ್ಣ ಪೆಟ್ಟಿಗೆಯಲ್ಲಿ ಕೂರಿಸಿ, ಮನೆಯಲ್ಲಿ ಪರೀಕ್ಷೆಯನ್ನೂ ಮಾಡಿದೆ. ಮೊಬೈಲನ್ನು ಸಿಕ್ಕಿಸಿ ಎರಡು ನಿಮಿಷ ಹಾಡು ಹಾಕಿದೆ, ಕೇಳಿಸಿತು. ಮೈಕ್ ಸಿಕ್ಕಿಸಿ ನೋಡಲಿಲ್ಲ. ಗ್ರಾಫ್ ಇರುವಾಗ ಯಾಕೆ?

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಅರುವತ್ತು ಜನ ಸೇರಿದ್ದರು. ಮಾವನದು ಇಸ್ತ್ರಿ ಹಾಕಿದ ಬಿಳಿ ಪಂಚೆ, ಹೆಗಲಿಗೆ ಶಾಲು. ಶಾಲಿನ ಅಂಚಿನಲ್ಲಿ ಪುಟ್ಟ ಮೈಕ್. ಪೆಟ್ಟಿಗೆಯನ್ನು ಅವರ ಎದುರಿಗೇ, ನನ್ನ ಕಾಲಬುಡದಲ್ಲಿ ಇಟ್ಟುಕೊಂಡು ಕುಳಿತೆ. ಭಾಗವತರು ಪದ್ಯ ಮುಗಿಸಿದರು. ಮಾವ ಕೈ ಮುಗಿದು, "ಮಹಾರಾಜಾ..." ಎಂದರು.

ಪೆಟ್ಟಿಗೆ "ಕೂಂಯ್ಯ್" ಎಂದು ಕಿರುಚಿತು.

ಸ್ಪೀಕರಿನ ಶಬ್ದ ಮೈಕಿಗೆ ಹೋಗಿ, ಅದೇ ಮತ್ತೆ ಸ್ಪೀಕರಿಗೆ ಬಂದು, ಸುತ್ತಿ ಸುತ್ತಿ ಬೆಳೆಯುತ್ತದೆ ಎಂಬುದು ಲೋಕಣ್ಣನಿಗೆ ಹುಟ್ಟಿನಿಂದ ಗೊತ್ತು. ಸಾಫ್ಟ್‌ವೇರಿಗೆ ಗೊತ್ತಿಲ್ಲ. ಅದರೊಳಗೆ ಹಾಲ್ ಇಲ್ಲ, ಗೋಡೆ ಇಲ್ಲ, ಮಾವನೂ ಇಲ್ಲ.

ತಕ್ಷಣ ಶಬ್ದ ತಗ್ಗಿಸಲು ಗುಂಡಿಯನ್ನು ಎಡಕ್ಕೆ ತಿರುಗಿಸಿದೆ. ಕಿರುಚಾಟ ಇಮ್ಮಡಿಯಾಯಿತು! ಗುಂಡಿಯ ವಯರುಗಳನ್ನು ಅದಲುಬದಲು ಬೆಸೆದಿದ್ದೆನೆಂದು ಗೊತ್ತಾದದ್ದು ಆಮೇಲೆ. ಕಂಪ್ಯೂಟರಿನಲ್ಲಿ ಸಂಖ್ಯೆ ಬರೆದರೆ ಸಾಕು, ಎಡ-ಬಲದ ಸಮಸ್ಯೆಯೇ ಬರುವುದಿಲ್ಲ. ಚೆಂಡೆಯವರು ಕಿವಿ ಮುಚ್ಚಿಕೊಂಡರು. ಜೀವನವಿಡೀ ಚೆಂಡೆಯ ಪಕ್ಕ ಕುಳಿತವರು!

ಮಾವ ನನ್ನನ್ನೊಮ್ಮೆ ನೋಡಿದರು. ಸಿಟ್ಟಿರಲಿಲ್ಲ, ಕಾಯುತ್ತಿದ್ದರು. ಈಗ ಸರಿಮಾಡುತ್ತಾನೆ ಎಂಬ ಭರವಸೆ. ನಾನು ಸರಿಮಾಡಲಿಲ್ಲ, ಗಾಬರಿಯಲ್ಲಿ ಇನ್ನೂ ಎಡಕ್ಕೇ ತಿರುಗಿಸಿದೆ. ಆಗ ಅವರು ಪೆಟ್ಟಿಗೆಯನ್ನು ಮೀರಿಸಲೆಂದು ಸ್ವರವೆತ್ತಿ ಕೂಗಿದರು. ಯಾವುದನ್ನು ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರೋ ಅದನ್ನೇ. ನಾಲ್ಕು ವಾಕ್ಯವಾಯಿತು. ಐದನೆಯದು ಅರ್ಧಕ್ಕೆ ನಿಂತಿತು. ತುಟಿ ಆಡಿತು, ಸ್ವರ ಬರಲಿಲ್ಲ.

ಅದೇ ಗಳಿಗೆಗೆ ಪೆಟ್ಟಿಗೆಯೂ ಸುಮ್ಮನಾಯಿತು. ಹಾಲ್‌ನಲ್ಲಿ ಸುಟ್ಟ ವಾಸನೆ, ತೆಳು ಹೊಗೆ. "ಎಂತ ಕರಟಿದ್ದು? ಅಡುಗೆಕೋಣೆ ನೋಡಿ ಮಾರಾಯ್ರೆ!" ಎಂದರು ಹಿಂದಿನಿಂದ ಒಬ್ಬರು. ಎಲ್ಲರೂ ಅಡುಗೆಕೋಣೆಯ ಕಡೆ ತಿರುಗಿದರು. ನಾನೂ ತಿರುಗಿದೆ.

ಈ ಇಡೀ ವರದಿಯಲ್ಲಿ ಬರೆಯಲು ಕೈ ಬಾರದ ವಾಕ್ಯ ಅದೊಂದೇ. ನಾನೂ ತಿರುಗಿದೆ.

ಮಹಾರಾಜನ ಪಾತ್ರದವರು ದೊಡ್ಡ ಮನಸ್ಸಿನವರು. "ದೂತನೇ, ನೀನು ಹೇಳದಿದ್ದರೂ ನಿನ್ನ ಒಡೆಯನ ಮನಸ್ಸು ನನಗೆ ತಿಳಿಯಿತು" ಎಂದು ಮಾವನ ಮಾತನ್ನೂ ತಾವೇ ಹೇಳಿ, ಉತ್ತರವನ್ನೂ ಕೊಟ್ಟು ಪ್ರಸಂಗವನ್ನು ದಡ ಸೇರಿಸಿದರು. ಮಾವ ಕೈಮುಗಿದುಕೊಂಡೇ ಕುಳಿತಿದ್ದರು.

ಮರುದಿನ ಡಾಕ್ಟರು ನೋಡಿ, ಹಾನಿಯಾಗಿಲ್ಲ, ಹತ್ತು ದಿನ ಬಾಯಿ ತೆರೆಯಬೇಡಿ ಎಂದರು. ಆ ಹತ್ತು ದಿನ ನಮ್ಮ ಮನೆಯಲ್ಲೂ ಮೌನವೇ. ವಿನಯಾಳಿಗೆ ಶಸ್ತ್ರಚಿಕಿತ್ಸೆಯಾಗಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅಡುಗೆಯವರ ಮೇಲೆ ಆರೋಪ ಉಳಿಯಬಾರದೆಂದು ನಾನು ಸಂಘದ ಅಧ್ಯಕ್ಷರ ಬಳಿ ಹೋಗಿ, ತಲೆತಗ್ಗಿಸಿ, "ಆ ಹೊಗೆ ನನ್ನದು" ಎಂದು ಒಪ್ಪಿಕೊಂಡೆ.

"ಗೊತ್ತುಂಟು ಮಾರಾಯ್ರೆ. ನಿಮ್ಮ ಕಾಲಿನ ಹತ್ತಿರದಿಂದಲೇ ಬರ್ತಿತ್ತು. ನೀವು ಅಷ್ಟು ಗಂಭೀರವಾಗಿ ಅಡುಗೆಕೋಣೆ ನೋಡ್ತಾ ಇದ್ದಿರಿ, ಅದಕ್ಕೆ ಯಾರೂ ಹೇಳಲಿಲ್ಲ."

ಹನ್ನೊಂದನೆಯ ದಿನ ಮಾವ ಬಾಯಿ ತೆರೆದು ಮೊದಲು ಮಾತಾಡಿದ್ದು ಲೋಕಣ್ಣನ ಜೊತೆ ಫೋನಿನಲ್ಲಿ. "ತಪ್ಪು ಪೆಟ್ಟಿಗೆಯದ್ದು ಅಂತ ಮುಂದಿನ ತಿಂಗಳು ಅದೇ ಪಾತ್ರ ಕೊಟ್ಟಿದ್ದಾರೆ. ನಿನ್ನ ಸೆಟ್ಟೇ ತಾ. ದೊಡ್ಡದಿದ್ದರೂ ಅಡ್ಡಿಲ್ಲ." ಸ್ವರ ಸಣ್ಣದಿತ್ತು, ಆದರೆ ಇತ್ತು. ಪಕ್ಕದಲ್ಲಿ ನಿಂತ ನನಗೆ ಕಣ್ಣು ತುಂಬಿತು. ಫೋನಿಟ್ಟು ನನ್ನ ಕಡೆ ತಿರುಗಿದರು.

"ನೀವೂ ಬನ್ನಿ. ಬರಿಗೈಯಲ್ಲಿ ಬನ್ನಿ."

ಮಾವನಲ್ಲಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ಕಡೆಯ ಮರ್ಯಾದೆ. ಆ ಮರ್ಯಾದೆಯಿಂದ ಅಧಿಕೃತವಾಗಿ ವಿನಾಯಿತಿ ಪಡೆದ ಅಳಿಯ, ನನಗೆ ತಿಳಿದ ಮಟ್ಟಿಗೆ, ನಾನೊಬ್ಬನೇ!