ಗಾಜಿಗೆ ಮುದ್ರೆ ಒತ್ತಿದ ಮಾವ

ನಮ್ಮ ಸೋದರಮಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಸದಲಗಾದ ಜನ ಆಗಲೇ ಹೇಳಿಯಾಗಿದೆ, ನಾನೇಕೆ ಬಾಯಿ ನೋಯಿಸಿಕೊಳ್ಳಲಿ! ಊರಿನ ಗ್ರಂಥಾಲಯ ನೋಡಿಕೊಳ್ಳುವ ಈ ಮಹಾಶಯನಿಗೆ ಯಾರೂ ಬಿಚ್ಚದ ಪತ್ರಿಕೆಯೆಂದರೆ ಉಣ್ಣದೆ ಮಲಗಿದ ಕೂಸು. ಮಧ್ಯಾಹ್ನ ದೂಧಗಂಗೆಯ ಕಡೆಯಿಂದ ಗಾಳಿ ಬಂದು ಪುಟಗಳು ತಾವಾಗಿ ಮಗುಚಿಕೊಂಡರೆ, "ನೋಡು, ಗಾಳಿಗೂ ಓದೋ ಆಸೆ ಐತಿ" ಎಂದು ಕಣ್ಣು ಅರೆಮುಚ್ಚಿ ಕೂತುಬಿಡುತ್ತಾನೆ.

ಮಂದಿ ಬರದಿದ್ದರೇನು? ಪತ್ರಿಕೆಯೇ ಅವರಲ್ಲಿಗೆ ಹೋಯಿತು. ಎಮ್ಮೆ ಹಾಲು ಕಡಿಮೆ ಮಾಡಿತೆಂದು ಗೊಣಗಿದವನಿಗೆ ಡೇರಿಯ ಸಾಲಿನಲ್ಲೇ ಕೃಷಿ ಮಾಸಿಕ, ಅದೂ ಬೇಕಾದ ಪುಟ ಬಿಚ್ಚಿ! ಕ್ಷೌರದಂಗಡಿಯ ಬೆಂಚಿಗೆ ಮಹಿಳಾ ಮಾಸಿಕವೊಂದನ್ನು ಸುತಳಿಯಿಂದ ಬಿಗಿದು ಕಟ್ಟಿದ, ಕಳುವಾಗಬಾರದಲ್ಲ. ಆ ಬೆಂಚು ಮದುವೆಯೊಂದಕ್ಕೆ ಕೊಲ್ಹಾಪುರದ ಕಡೆ ಹೋಗಿ ಬಂತು. ನೋಡಿದರೆ ಹೋಳಿಗೆಯ ಪುಟಕ್ಕೆ ಹೂರಣ ಮೆತ್ತಿದೆ. ಕನ್ನಡ ಬಾರದ ಬೀಗರೂ ಓದಿದರೆಂದು ಮಾವ ವಾರವಿಡೀ ಹಿಗ್ಗಿದ.

ಇಂಥವನ ಮನೆಯಲ್ಲೇ ಓದು ನಿಂತಿತ್ತು. ನಮ್ಮ ಅತ್ತೆ ವಾರಪತ್ರಿಕೆಯ ಕಥೆ ಓದದೆ ಒಲೆ ಹೊತ್ತಿಸದ ಹೆಂಗಸು. ಎರಡು ವರ್ಷದಿಂದ ಕಣ್ಣು ಮಂಜಾಗಿ ಸಣ್ಣಕ್ಷರ ಕಾಣದು. ಸಂಜೆ ಕಟ್ಟೆಯ ಮೇಲೆ ಮಾವನೇ ಓದಿ ಹೇಳುತ್ತಿದ್ದ. ಆದರೂ ತಾನೇ ಓದಿದ ಹಾಗಾಗುವುದಿಲ್ಲವೆಂದು ಅವಳು ಪತ್ರಿಕೆಯನ್ನು ತೊಡೆಯ ಮೇಲಿಟ್ಟು ಸುಮ್ಮನೆ ಸವರುತ್ತಿದ್ದಳು. ಊರಿಗೆಲ್ಲ ಓದಿಸುವವನಿಗೆ ಅದೊಂದೇ ಕೊರಗು.

ಹೀಗಿರುವಾಗ ಗ್ರಂಥಾಲಯಕ್ಕೆ ಪತ್ರಿಕೆಗಳು ತುಂಬಿದ ಟ್ಯಾಬ್ ಬಂತು. ಬಂದ ಸಂಚಿಕೆಗೆಲ್ಲ ಮುದ್ರೆ ಒತ್ತುವುದು ಮಾವನ ವ್ರತ. ಇದನ್ನು ಬಿಟ್ಟಾನೆಯೇ? ಮೊದಲ ಸಂಚಿಕೆ ತೆರೆದು ಗಾಜಿನ ಮೇಲೆ ಟಪ್ಪನೆ ನೇರಳೆ ಮುದ್ರೆ ಒತ್ತಿದ! ಮುಂದಿನದನ್ನು ತೆರೆದರೆ ಅದಕ್ಕೂ ಮುದ್ರೆ ಬಿದ್ದಿದೆ.

"ಭಾರಿ ಶಾಣ್ಯಾ ಐತಿ ಇದು. ಒಮ್ಮೆ ಒತ್ತಿದ್ರ ಎಲ್ಲಾದಕ್ಕೂ ಬೀಳ್ತೈತಿ" ಎಂದ.

ನಾನು ತಿಳಿಹೇಳಿದ ಮೇಲೆ ಪೆಚ್ಚಾಗಿ, ಎರಡು ಬೆರಳಿಗೆ ಕೊಬ್ಬರಿಎಣ್ಣೆ ಹಚ್ಚಿ ಒರೆಸತೊಡಗಿದ. ಬೆರಳೆರಡೂ ದೂರ ಸರಿದಂತೆ ಗಾಜಿನೊಳಗಿನ ಅಕ್ಷರಗಳು ಹುಣಸೆಬೀಜದಷ್ಟು ಉಬ್ಬಿದವು. ಮಾವ ಗಳಿಗೆ ಹೊತ್ತು ಕನಸಿನಲ್ಲಿದ್ದವನಂತೆ ನೋಡಿದ. ಆಮೇಲೆ ಗ್ರಂಥಾಲಯಕ್ಕೆ ಕೀಲಿ ಹಾಕುವುದನ್ನೂ ಮರೆತು, ಟ್ಯಾಬನ್ನು ಬಗಲಿಗಿಟ್ಟುಕೊಂಡು ಮನೆ ಕಡೆ ಸೈಕಲ್ ಹತ್ತಿದ. ನಾನೂ ಹಿಂದೆ ಓಡಿದೆ.

ಆ ಸಂಜೆ ಅತ್ತೆ ತಾನೇ ಓದಿದಳು. ತುಟಿ ಅಲುಗಿಸುತ್ತ, ಒಂದೊಂದೇ ಸಾಲು. ಟ್ಯಾಬಿನಲ್ಲಿದ್ದ ಹಳೆಯ ಸಂಚಿಕೆಗಳನ್ನೂ ಬಿಡಲಿಲ್ಲ. ಮಾವ ಎದುರಿಗೆ ಕೂತು ಕಣ್ತುಂಬ ನೋಡುತ್ತಿದ್ದ. ಒಂದು ಕಥೆಯ ಕೊನೆಯಲ್ಲಿ ಅವಳ ಬೆರಳು ನಿಂತಿತು.

"ಇದರಾಗ ಆಕಿ ತವರು ಕಾಣದ ಸಾಯ್ತಾಳಲ್ರಿ. ನೀವು ಓದಿದಾಗ ಅಣ್ಣ ಬಂದು ಕರಕೊಂಡು ಹೋಗಿದ್ನಲ್ಲ?"

ಮಾವ ಆಕಾಶ ನೋಡಿದ. ಅವಳು ಇನ್ನೊಂದು ಕಥೆ ತೆರೆದಳು, ಮತ್ತೊಂದು. ಎರಡು ವರ್ಷ ಆ ಕಟ್ಟೆಯ ಮೇಲೆ ಯಾರೂ ಸತ್ತಿರಲಿಲ್ಲ, ಯಾರೂ ಮನೆ ಬಿಟ್ಟು ಹೋಗಿರಲಿಲ್ಲ. ಎಲ್ಲವನ್ನೂ ಮಾವನೇ ಬದಲಿಸಿ ಓದಿದ್ದ.

"ಇದ್ದದ್ದ ಓದಿದ್ರ ನೀ ಅಳ್ತಿದ್ದಿ" ಎಂದ, ಸಣ್ಣ ದನಿಯಲ್ಲಿ.

ಅತ್ತೆ ಕಥೆಯ ಕಡೆಯ ಪುಟ ತೆರೆದು ಟ್ಯಾಬನ್ನು ಅವನ ಕೈಗಿಟ್ಟಳು.

"ಇನ್ನ ಮ್ಯಾಲೆ ನಾನ ಓದ್ತೀನ್ರಿ. ಕಡೀ ಪುಟ ಮಾತ್ರ ನೀವ ಓದ್ರಿ."