ಇವು ಬರೀ ಹೆಂಚಲ್ಲ

ಬೋರ್ಡು ಬರೆಯುವ ಕಸುಬಿನ ದಪ್ಪಕ್ಷರಪ್ಪನವರಿಗೆ (ಇದು ಬೀದಿಯವರು ಇಟ್ಟ ಹೆಸರು, ಅಪ್ಪ ಅಮ್ಮ ಇಟ್ಟದ್ದು ಈಗ ಅವರಿಗೇ ಥಟ್ಟನೆ ನೆನಪಾಗುವುದಿಲ್ಲ) ಒಂದು ಕಾಯಿಲೆ. ಹೆಸರು ಬರೆಯದ ವಸ್ತು ಕಂಡರೆ ಕೈ ತುರಿಸುತ್ತದೆ. ಅವರ ಮನೆಯಲ್ಲಿ ಸಕ್ಕರೆ ಡಬ್ಬದ ಮೇಲೆ 'ಸಕ್ಕರೆ', ಬಾಗಿಲ ಮೇಲೆ 'ಬಾಗಿಲು', ಕನ್ನಡಿಯ ಮೇಲೆ 'ಕನ್ನಡಿ'. ಈ ಕೊನೆಯದನ್ನು ಸರಿಯಾಗಿ ಮುಖ ಕಾಣುವ ಜಾಗದಲ್ಲೇ ಬರೆದದ್ದರಿಂದ ಅವರ ಹೆಂಡತಿ ಇಪ್ಪತ್ತು ವರ್ಷಗಳಿಂದ ಬಗ್ಗಿಕೊಂಡೇ ತಲೆ ಬಾಚಿಕೊಳ್ಳುತ್ತಿದ್ದಾರೆ.

ಇಂಥ ಮನೆಯ ಮಾಡು ಸೋರತೊಡಗಿತು. ಹೇಗೂ ಹೆಂಚು ಬದಲಾಯಿಸಬೇಕು, ಜೊತೆಗೇ ಸೋಲಾರ್ ಹಾಕಿಸಿಬಿಡೋಣ ಎಂದು ಗಂಡ ಹೆಂಡತಿ ಇಬ್ಬರೂ ಒಪ್ಪಿದರು. ಇಬ್ಬರೂ ಒಪ್ಪಿದ ಎರಡನೆಯ ಸಂಗತಿ ಇದು, ಮೊದಲನೆಯದು ಮದುವೆ. ಸೋಲಾರಿನವನು ಬಂದು ಎರಡು ಬಗೆ ತೋರಿಸಿದ. ಒಂದು, ಹೆಂಚಿನ ಬದಲು ಮಾಡಿನೊಳಗೇ ಹುದುಗಿ ಕೂರುವ ದೊಡ್ಡ ಕಪ್ಪು ಪ್ಯಾನೆಲ್. ಇನ್ನೊಂದು, ನೋಡಿದರೆ ಸಾಕ್ಷಾತ್ ಹೆಂಚೇ ಅನ್ನಿಸುವ ಪುಟ್ಟ ಪುಟ್ಟ ಸೋಲಾರ್ ಹೆಂಚು. ಅಷ್ಟೇ ಜಾಗದಲ್ಲಿ ಪ್ಯಾನೆಲಿಗೆ ಕರೆಂಟು ಹೆಚ್ಚು, ಹೆಂಚಿಗೆ ಅಂದ ಹೆಚ್ಚು ಎಂದ.

ಹೆಂಡತಿ ಪ್ಯಾನೆಲ್ ಎಂದರು. ಅವರದು ಹೊಲಿಗೆ ಕೆಲಸ. ಅಡುಗೆಮನೆಯ ಮೂಲೆಯಲ್ಲಿ ಮೋಟಾರಿನ ಮಿಷನ್ನು, ಇಸ್ತ್ರಿಪೆಟ್ಟಿಗೆ. ದಪ್ಪಕ್ಷರಪ್ಪನವರು ಹೆಂಚು ಎಂದರು. ಎದುರು ಮನೆಯ ಷಡ್ಡಕ ತನ್ನ ತಾರಸಿಯ ಮೇಲೆ ಕಾಲು ಕೊಟ್ಟು ನಿಲ್ಲಿಸಿದ್ದ ಪ್ಯಾನೆಲುಗಳು, ಅವರ ಪ್ರಕಾರ, ಮನೆಯ ತಲೆ ಮೇಲೆ ಮಂಚ ಹೊರಿಸಿದ ಹಾಗಿದ್ದವು.

"ಇದೆ ಅಂತ ಗೊತ್ತೇ ಆಗಬಾರದು ಕಣೇ. ಗತ್ತು ಇರೋದೇ ಅದರಲ್ಲಿ."

ಮೂರು ದಿನ ವಾಗ್ಯುದ್ಧ ನಡೆದ ಮೇಲೆ ಹೆಂಡತಿ ಸೋತವರಂತೆ ಮಾಡಿದರು. "ಆಯ್ತು, ಹೆಂಚೇ ಹಾಕ್ಸಿ. ಆದ್ರೆ ದಿನಕ್ಕೆ ಎಂಟು ಯೂನಿಟ್ ಬರ್ಬೇಕು. ಒಳ್ಳೇ ಬಿಸಿಲಿದ್ದೂ ಒಂದು ವಾರ ಬರ್ಲಿಲ್ಲ ಅಂದ್ರೆ ಬೀದಿ ಕಡೆ ಕೋಣೆ ನಂದು."

ಬೀದಿ ಕಡೆಯ ಕೋಣೆ ಎಂದರೆ ದಪ್ಪಕ್ಷರಪ್ಪನವರ ಸಾಮ್ರಾಜ್ಯ. ಆರಾಮಕುರ್ಚಿ, ಬಣ್ಣದ ಡಬ್ಬಗಳು, ಕಿಟಕಿ, ಕಿಟಕಿಯಾಚೆ ಹೋಗಿ ಬರುವವರು. ಅದು ಹೋದರೆ ಅವರ ಜೀವವೇ ಹೋದಂತೆ. ಆದರೂ ಮೀಸೆ ತಿರುವಿ ಒಪ್ಪಿದರು.

ಹೆಂಚುಗಳು ಬಂದವು, ಕೂತವು, ದಿನಕ್ಕೆ ಒಂಬತ್ತು ಯೂನಿಟ್ ಕೊಟ್ಟವು. ದಪ್ಪಕ್ಷರಪ್ಪನವರು ಗೇಟಿನ ಬಳಿ ನಿಂತು ಬೀದಿಯವರ ಹೊಗಳಿಕೆಗೆ ಕಾದರು. ಯಾರೂ ತಲೆ ಎತ್ತಲಿಲ್ಲ. ಹದಿನೈದನೆಯ ದಿನ ಷಡ್ಡಕ ಬಂದು, ಸೊಂಟದ ಮೇಲೆ ಕೈಯಿಟ್ಟು ಮಾಡು ನೋಡಿ, "ಹಳೇ ಹೆಂಚನ್ನೇ ಚೆನ್ನಾಗಿ ತೊಳೆಸಿದ್ದೀರಿ ಭಾವ" ಎಂದ.

ಆ ಮಾತು ಎದೆಗೆ ನಾಟಿತು. ಮರುದಿನವೇ ಆರಡಿ ಉದ್ದದ ತಗಡಿನ ಬೋರ್ಡು ತಯಾರು. ಕೆಂಪು ಬಣ್ಣದ ಮೇಲೆ ಹಳದಿ ಅಕ್ಷರ: 'ಇವು ಬರೀ ಹೆಂಚಲ್ಲ'. (ಅಕ್ಷರ ದಪ್ಪ ಇದ್ದರೇ ರಸ್ತೆಗೆ ಕಾಣುವುದು ಎಂಬುದು ಅವರು ಜೀವಮಾನವಿಡೀ ಗಿರಾಕಿಗಳಿಗೆ ಹೇಳಿದ ಏಕೈಕ ಸಿದ್ಧಾಂತ.) ಹೆಂಡತಿ ಯಾರದೋ ಮನೆಗೆ ಅಳತೆ ತೆಗೆಯಲು ಹೋದ ಹೊತ್ತು ನೋಡಿ ಏಣಿ ಹತ್ತಿ, ಮಾಡಿನ ನಟ್ಟನಡುವೆ ನಿಲ್ಲಿಸಿದರು. ವಾಪಸು ಬಂದ ಹೆಂಡತಿ ಓದಿ, ಗೋಡೆಯ ಮೀಟರಿನತ್ತ ಒಮ್ಮೆ ಕಣ್ಣು ಹಾಯಿಸಿ ಒಳಗೆ ಹೋದರು. ದಪ್ಪಕ್ಷರಪ್ಪನವರು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಬೀದಿಗೆ ಬೀದಿಯೇ ನಿಂತು ಓದಿತು. ಕೇಳಿದವರಿಗೆ, ಕೇಳದವರಿಗೆ ಎಲ್ಲರಿಗೂ ವಿವರಿಸಿ ಅವರ ಗಂಟಲು ಕಟ್ಟಿತು. ಷಡ್ಡಕ ಬಾಯಿ ಬಿಟ್ಟುಕೊಂಡು ನೋಡಿದ. ಈ ಸಂಭ್ರಮದಲ್ಲಿ ಗೋಡೆಯ ಮೀಟರು ನೋಡಲು ಅವರಿಗೆ ಪುರುಸೊತ್ತಾಗಲಿಲ್ಲ.

ಎಂಟನೆಯ ದಿನ ಹೆಂಡತಿ ಸೋಲಾರಿನವನನ್ನು ಕರೆಸಿದರು. ವಾರದಿಂದ ಐದು ಯೂನಿಟ್ ದಾಟಿಲ್ಲ ಎಂದು ಕೇಳಿ ದಪ್ಪಕ್ಷರಪ್ಪನವರು ಹೌಹಾರಿ, ಕಳಪೆ ಹೆಂಚು ಕೊಟ್ಟಿದ್ದೀಯ ಎಂದು ಅವನ ಮೇಲೆಯೇ ಹಾರಾಡಿದರು. ಅವನು ಮಾಡು ನೋಡಿದ, ಬೋರ್ಡು ಓದಿದ.

"ಯಜಮಾನ್ರೇ, ನೆರಳು" ಎಂದ.

ಹೆಂಚುಗಳನ್ನು ಸಾಲುಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರಂತೆ. ಎರಡರ ಮೇಲೆ ನೆರಳು ಬಿದ್ದರೂ ಇಡೀ ಸಾಲು ಮಂಕಾಗುತ್ತದಂತೆ. ಬೋರ್ಡಿನ ನೆರಳು ಬೆಳಗಿನಿಂದ ಸಂಜೆಯವರೆಗೆ ಪ್ರತಿ ಸಾಲಿಗೂ ತಪ್ಪದೆ ಹಾಜರಿ ಹಾಕುತ್ತಿತ್ತು. ಹೆಂಡತಿಗೆ ಇದು ಮೊದಲ ದಿನವೇ ಮೀಟರು ನೋಡಿ ಗೊತ್ತಾಗಿತ್ತು. ಇಪ್ಪತ್ತು ವರ್ಷ ಬಗ್ಗಿ ತಲೆ ಬಾಚಿಕೊಂಡವರಿಗೆ ಒಂದು ವಾರ ಕಾಯುವುದೇನು ಮಹಾ?

"ಹೆಸರು ಬೆಳಗ್ತು, ಮನೆ ಬೆಳಗ್ಲಿಲ್ಲ" ಎಂದಷ್ಟೇ ಹೇಳಿ ಅವರು ಮಿಷನ್ನನ್ನು ಬೀದಿ ಕಡೆಯ ಕೋಣೆಗೆ ಎತ್ತಿಸಲು ಎದ್ದರು.

ಬೋರ್ಡು ಕೆಳಗಿಳಿಯಿತು, ಯೂನಿಟ್ ಒಂಬತ್ತಕ್ಕೇರಿತು, ಆರಾಮಕುರ್ಚಿ ಅಡುಗೆಮನೆಯ ಮೂಲೆ ಸೇರಿತು. ಅಷ್ಟು ಒಳ್ಳೆಯ ತಗಡು ದಂಡವಾಗಬಾರದೆಂದು ಹೆಂಡತಿ ಅದರ ಬೆನ್ನ ಮೇಲೆ 'ಇಲ್ಲಿ ಬಟ್ಟೆ ಹೊಲಿದು ಕೊಡಲಾಗುವುದು' ಎಂದು ಬರೆದುಕೊಡಲು ಹೇಳಿದರು. ದಪ್ಪಕ್ಷರಪ್ಪನವರು ಮುನಿಸಿನಲ್ಲಿ, ಜೀವಮಾನದಲ್ಲೇ ಮೊದಲ ಸಲ, ಇರುವೆ ಸಾಲಿನಂಥ ಅಕ್ಷರ ಬರೆಯತೊಡಗಿದರು. ಹೆಂಡತಿ ಹಿಂದೆ ಬಂದು ನಿಂತರು.

"ಅಕ್ಷರ ದಪ್ಪ ಬರ್ಲಿ ರೀ. ರಸ್ತೆಗೆ ಕಾಣ್ಬೇಡ್ವಾ?"